ಚಿಕ್ಕ ಅಡುಗೆಮನೆಗೆ ಯಾವ ಅಳತೆಯ ಏರ್ ಫ್ರೈಯರ್ ತಗೊಳ್ಳೋದು?

ಒಗ್ಗರಣೆ_ಘಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ಒಂದು ಬೆಡ್‌ರೂಮಿನ ಬಾಡಿಗೆ ಮನೆ. ಅಡುಗೆಮನೆ ಕಟ್ಟೆ ಎರಡು ಅಡಿ ಅಗಲ ಇದೆ. ಸ್ಟವ್, ಮಿಕ್ಸಿ, ನೀರಿನ ಫಿಲ್ಟರ್ ಇಟ್ಟ ಮೇಲೆ ಉದ್ದಕ್ಕೆ ಉಳಿಯುವುದು ಒಂದೂವರೆ ಅಡಿ ಅಷ್ಟೇ, ಅದರ ಮೇಲೆ ಸಾಂಬಾರ ಡಬ್ಬಿಗಳ ಶೆಲ್ಫ್ ಬೇರೆ. ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆ. ಅತ್ತೆಗೆ ಕರಿದದ್ದು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ, ಆದರೆ ಸಂಜೆ ಕಾಫಿ ಜೊತೆ ಕುರುಕಲು ಏನಾದರೂ ಇಲ್ಲದಿದ್ದರೆ ಅವರಿಗೆ ಬೇಜಾರಾಗುತ್ತದೆ, ನನಗೂ ಅವರಿಗೆ ಇಲ್ಲ ಅನ್ನೋಕೆ ಮನಸ್ಸು ಬರುವುದಿಲ್ಲ.

2 ಲೀಟರಿನದು ಸಾಕಾ, 4 ಲೀಟರ್ ಬೇಕಾ? ಮಿಕ್ಸಿಗೆ ಹಾಕುವ ಸಣ್ಣ ಸಾಕೆಟ್‌ಗೇ ಹಾಕಬಹುದಾ? ಬಜ್ಜಿ, ಚಕ್ಕುಲಿ, ಹಪ್ಪಳ ಇವೆಲ್ಲ ಅದರಲ್ಲಿ ಆಗುತ್ತವಾ? ಬಳಸುತ್ತಿರುವವರು ದಯವಿಟ್ಟು ಹೇಳಿ.

ಸೌಟು_ಸಾರು

ಲೀಟರ್ ನೋಡಿ ಆರಿಸಬೇಡಿ. ಲೀಟರ್ ಅಂದರೆ ಬುಟ್ಟಿಯ ಪೂರ್ತಿ ಒಳಜಾಗ, ಆದರೆ ಅದನ್ನು ಕಂಠದವರೆಗೆ ತುಂಬುವ ಹಾಗಿಲ್ಲವಲ್ಲ. ಒಳಗೆ ನಡೆಯುವುದು ಕರಿಯುವ ಕೆಲಸವೇ ಅಲ್ಲ. ಮೇಲೆ ಒಂದು ಕಾಯಿಲ್, ಅದರ ಜೊತೆ ಒಂದು ಫ್ಯಾನ್, ಬಿಸಿ ಗಾಳಿ ಜೋರಾಗಿ ಸುತ್ತುತ್ತಾ ಹೋಳಿನ ಹೊರಮೈ ತೇವವನ್ನು ಆರಿಸುತ್ತದೆ, ಗರಿಗರಿ ಆಗುವುದು ಹಾಗೆ. ಹೋಳಿನ ಮೇಲೆ ಹೋಳು ಬಿದ್ದರೆ ನಡುವೆ ಗಾಳಿ ಆಡುವುದಿಲ್ಲ, ಸುಮ್ನೆ ಬೆಂದು ಮೆತ್ತಗಾಗುತ್ತದೆ. ಅದಕ್ಕೇ ಅಂಗಡಿಯಲ್ಲಿ ಬುಟ್ಟಿ ಹೊರಗೆ ತೆಗೆಸಿ ತಳ ಎಷ್ಟು ಅಗಲ ಇದೆ ನೋಡಿ. ಒಂದೇ ಅಗಲದ ದುಂಡು ಬುಟ್ಟಿಗಿಂತ ಚೌಕದ ಬುಟ್ಟಿಯಲ್ಲಿ ಕಾಲು ಭಾಗದಷ್ಟು ಜಾಸ್ತಿ ಜಾಗ ಸಿಗುತ್ತದೆ. ಮೂರು ಜನಕ್ಕೆ ನಾನಾದರೆ 4 ಲೀಟರ್ ಆಸುಪಾಸಿನ ಚೌಕದ್ದೇ ತಗೊಳ್ಳುತ್ತೇನೆ. 2 ಲೀಟರಿನದರಲ್ಲಿ ಎರಡು ಸರ್ತಿ ಹಾಕಬೇಕು, ಎರಡನೆಯದು ಆಗುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿರುತ್ತದೆ.

ಆದರೆ ನಿಮ್ಮ ಜಾಗದ ಲೆಕ್ಕ ಸ್ವಲ್ಪ ಬಿಗಿ. ಒಂದೂವರೆ ಅಡಿ ಅಂದರೆ 45 ಸೆಂ.ಮೀ. ಹಿಂದೆ, ಎರಡೂ ಪಕ್ಕ, ಮೇಲೆ 10 ಸೆಂ.ಮೀ. ಆದರೂ ಖಾಲಿ ಬಿಡಬೇಕು ಅಂತ ಹೆಚ್ಚಿನ ಕಂಪನಿಯವರು ಹೇಳುತ್ತಾರೆ, ಯಾಕೆಂದರೆ ಬಿಸಿ ಗಾಳಿ ಹಿಂದಿನಿಂದ ಹೊರಗೆ ಬರುತ್ತದೆ. ಹಾಗೆ ನೋಡಿದರೆ ಯಂತ್ರಕ್ಕೆ ಉಳಿಯುವುದು 25 ಸೆಂ.ಮೀ., 4 ಲೀಟರಿನವು ಸಾಮಾನ್ಯವಾಗಿ ಅದಕ್ಕಿಂತ ಅಗಲ ಇರುತ್ತವೆ. ಮಿಕ್ಸಿಯನ್ನು ಆ ಹೊತ್ತಿಗೆ ಕೆಳಗೆ ಇಡೋಕೆ ಆಗುತ್ತದೆ ಅಂದರೆ ಸಮಸ್ಯೆ ಇಲ್ಲ. ನಿಮಗೆ ಇಷ್ಟವಾದ ಮಾಡೆಲ್‌ನ ಉದ್ದ ಅಗಲಕ್ಕೆ ಹಳೇ ಪೇಪರ್ ಕತ್ತರಿಸಿ ಕಟ್ಟೆ ಮೇಲೆ ಹಾಸಿ ನೋಡಿ, ಅಳತೆ ಪಟ್ಟಿಯಲ್ಲಿ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗುತ್ತದೆ. ಬಿಸಿ ಬುಟ್ಟಿ ಹೊರಗೆ ಎಳೆದಾಗ ಅದನ್ನು ಎಲ್ಲಿ ಇಡುತ್ತೀರಿ ಅನ್ನೋದನ್ನೂ ಆಗಲೇ ಯೋಚಿಸಿ. ಆರಿದ ಸ್ಟವ್ ಮೇಲೆ ಬುಟ್ಟಿ ಇಡಬಹುದು. ಯಂತ್ರವನ್ನೇ ಸ್ಟವ್ ಮೇಲೆ ಇಡುವವರನ್ನು ನೋಡಿದ್ದೇನೆ, ದಯವಿಟ್ಟು ಅದು ಬೇಡ, ಗೊತ್ತಿಲ್ಲದೆ ನಾಬ್ ತಿರುಗಿದರೆ ಕಥೆ ಮುಗಿಯಿತು.

ವೈರಿಂಗ್_ಹಾಸನ

ಸಾಕೆಟ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ, ಇದೇ ನನ್ನ ಕೆಲಸ. ಮಿಕ್ಸಿಯ ಸಣ್ಣ ಸಾಕೆಟ್ 6 ಆಂಪಿಯರಿನದು. 230 ವೋಲ್ಟ್‌ನಲ್ಲಿ ಅದರ ಮಿತಿ 1380 ವ್ಯಾಟ್. 4 ಲೀಟರ್ ಆಸುಪಾಸಿನವು 1400, 1500 ವ್ಯಾಟ್ ಇರುತ್ತವೆ, ಅಂದರೆ ಮಿತಿ ದಾಟಿತು. ಇವಕ್ಕೆ 16 ಆಂಪಿಯರಿನ ಪವರ್ ಸಾಕೆಟ್ಟೇ ಬೇಕು. ದಪ್ಪ ಪಿನ್‌ಗೆ ಕನ್ವರ್ಟರ್ ಸಿಕ್ಕಿಸಿ ಸಣ್ಣ ಸಾಕೆಟ್‌ಗೆ ಹಾಕುವುದು, ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಎಳೆಯುವುದು, ಎರಡೂ ತಪ್ಪು. ಮೊದಲ ದಿನ ಏನೂ ಆಗುವುದಿಲ್ಲ. ಬರಬರುತ್ತಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಗೋಡೆಯೊಳಗಿನ ವೈರು ಬಿಸಿಯಾಗುತ್ತದೆ. ಪಾಯಿಂಟ್ ಹಾಕಿಸುವುದಾದರೆ ಓನರ್‌ಗೆ ಹೇಳಿ ಹಾಕಿಸಿ, ವೈರ್ 4 ಚದರ ಮಿ.ಮೀ. ಇರಲಿ. ಬರೀ ಸಾಕೆಟ್ ಬದಲಿಸಿ ಹಳೇ ತೆಳು ವೈರನ್ನೇ ಬಿಟ್ಟರೆ ಪ್ರಯೋಜನ ಇಲ್ಲ.

ಚಿಕ್ಕ ಯಂತ್ರಗಳಲ್ಲಿ 1000 ವ್ಯಾಟ್ ಹತ್ತಿರದವು ಇವೆ. ಅವಕ್ಕೆ ಸುಮಾರು ನಾಲ್ಕೂವರೆ ಆಂಪಿಯರ್ ಸಾಕು, ವೈರಿಂಗ್ ಗಟ್ಟಿ ಇದ್ದರೆ ಸಣ್ಣ ಸಾಕೆಟ್ ತಡೆಯುತ್ತದೆ. ಪಾಯಿಂಟ್ ಹಾಕಿಸೋಕೆ ಓನರ್ ಒಪ್ಪಲೇ ಇಲ್ಲ ಅಂದರೆ ಚಿಕ್ಕದನ್ನೇ ತಗೊಳ್ಳಿ.

ಕರೆಂಟ್ ಖರ್ಚಿಗೆ ಹೆದರಬೇಡಿ. 1500 ವ್ಯಾಟ್ 20 ನಿಮಿಷ ಒಂದೇ ಸಮನೆ ಓಡಿದರೂ ಅರ್ಧ ಯೂನಿಟ್, ದಿನಾ ಸಂಜೆ ಒಂದು ಸಲ ಅಂದರೆ ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿಯಲ್ಲಿ ಇದ್ದು 200 ಯೂನಿಟ್‌ನ ಅಂಚಿನಲ್ಲಿ ಇರುವವರು ಮಾತ್ರ ನೋಡಿಕೊಳ್ಳಿ, ಅದು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಜೀಗುಜ್ಜೆ_ಮರ

ಬಜ್ಜಿ ಆಗುವುದಿಲ್ಲ ಅಕ್ಕ. ನೀರು ಹಿಟ್ಟು ಬುಟ್ಟಿಯ ತೂತಿನಿಂದ ಸೋರಿ ಹೋಗುತ್ತದೆ, ಎಣ್ಣೆಯಲ್ಲಿ ಬಿದ್ದ ಕೂಡಲೇ ಹಿಟ್ಟು ಗಟ್ಟಿಯಾಗುವ ಹಾಗೆ ಗಾಳಿಯಲ್ಲಿ ಆಗುವುದಿಲ್ಲ. ಚಕ್ಕುಲಿ ಬೇಯುತ್ತದೆ, ಆದರೆ ಬಿರುಸಾಗುತ್ತದೆ, ಅತ್ತೆಯವರ ಹಲ್ಲಿಗೆ ಕಷ್ಟ. ಹಪ್ಪಳ ಹಗುರ, ಫ್ಯಾನ್ ಗಾಳಿಗೆ ಎದ್ದು ಕಾಯಿಲ್‌ಗೆ ತಾಗಬಹುದು, ಮೇಲೆ ಸಣ್ಣ ಸ್ಟೀಲ್ ಜಾಲರಿ ಇಟ್ಟರೆ ಸುಟ್ಟ ಹಪ್ಪಳದ ಹಾಗೆ ಬರುತ್ತದೆ. ಅರಳು ಸಂಡಿಗೆ ಎಣ್ಣೆಯಲ್ಲಿ ಅರಳುವ ಹಾಗೆ ಅರಳುವುದಿಲ್ಲ.

ಹಾಗಂತ ಬೇಸರ ಮಾಡಬೇಡಿ, ಚೆನ್ನಾಗಿ ಬರುವುದೇ ಬೇರೆ ಇದೆ. ಜೀಗುಜ್ಜೆ ಅಥವಾ ಬಾಳೆಕಾಯಿ ತೆಳ್ಳಗೆ ಹೆಚ್ಚಿ, ಉಪ್ಪು ಖಾರ ಹುಳಿ ಸವರಿ, ಅಕ್ಕಿಹಿಟ್ಟು ಇಲ್ಲವೇ ರವೆಯಲ್ಲಿ ಹೊರಳಿಸಿ, ಮೇಲೆ ಬ್ರಷ್‌ನಲ್ಲಿ ತೆಂಗಿನೆಣ್ಣೆ ಸವರಿ 180 ಡಿಗ್ರಿಗೆ ಇಡಿ, ನಡುವೆ ಒಮ್ಮೆ ತಿರುವಿ ಹಾಕಿ. ನಾವು ಮೀನು ತಿನ್ನುವವರು, ಬಂಗುಡೆ ರವೆ ಫ್ರೈ ಇದರಲ್ಲಿ ತುಂಬಾ ಚೆನ್ನಾಗಿ ಬರುತ್ತದೆ. ಬೆಂಡೆಕಾಯಿ ತೊಳೆದು ಪೂರ್ತಿ ಒರೆಸಿ ಹೆಚ್ಚಿದರೆ ಲೋಳೆ ಇಲ್ಲದೆ ಗರಿಯಾಗುತ್ತದೆ, ಹಾಗಲಕಾಯಿಯೂ ಅಷ್ಟೇ. ಆಲೂಗಡ್ಡೆಯನ್ನು ಹೆಚ್ಚಿ ಅರ್ಧ ಗಂಟೆ ನೀರಲ್ಲಿ ಬಿಡಿ, ಹೊರಗಿನ ಗಂಜಿ ಬಿಡುತ್ತದೆ, ಬಟ್ಟೆಯಲ್ಲಿ ಒರೆಸಿ ಒಂದು ಚಮಚ ಎಣ್ಣೆ ಕಲಸಿ. ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ, ಕಪ್ಪಾಗೋಕೆ ಬಿಡಬಾರದು, ಜಾಸ್ತಿ ಕಂದಿದಷ್ಟೂ ಆರೋಗ್ಯಕ್ಕೆ ಬೇಡದ ಅಕ್ರಿಲಮೈಡ್ ಹೆಚ್ಚುತ್ತದೆ.

ಕಬ್ಬಿಣದ_ಬಾಣಲೆ

ನನ್ನದು ಬೇರೆ ಮಾತು. ವಾರಕ್ಕೆ ಎರಡು ಸಲ ಬೆಂಡೆಕಾಯಿ, ಕಡ್ಲೆಕಾಯಿ ಬೀಜ ಹುರಿಯೋಕೆ ಅಷ್ಟು ಜಾಗ ಬಿಟ್ಟುಕೊಡಬೇಕಾ? ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಣ್ಣ ಉರಿ, ಪಕ್ಕದಲ್ಲಿ ನಿಂತು ತಿರುವುವ ತಾಳ್ಮೆ ಇದ್ದರೆ ಸಾಕು. ಚಿಕ್ಕ ಮನೆಯಲ್ಲಿ ಕಟ್ಟೆ ಜಾಗಕ್ಕಿಂತ ಬೆಲೆಬಾಳುವುದು ಬೇರೆ ಇಲ್ಲ.

ಸೌಟು_ಸಾರು

@ಕಬ್ಬಿಣದ_ಬಾಣಲೆ, ಆ ನಿಂತು ತಿರುವುವ ಹೊತ್ತೇ ಎಷ್ಟೋ ಮನೆಗಳಲ್ಲಿ ಇಲ್ಲ ಅಲ್ವಾ. ಆಫೀಸಿನಿಂದ ಬಂದು ಒಂದು ಕಡೆ ಸಾರಿಗೆ ಇಟ್ಟು, ಇನ್ನೊಂದು ಕಡೆ ಅನ್ನ ಇಟ್ಟರೆ ಸ್ಟವ್ ಎರಡೂ ಬರ್ನರ್ ಹಿಡಿಯಿತು. ಆಗ ಪಲ್ಯವನ್ನು ಇದಕ್ಕೆ ಹಾಕಿ ಟೈಮರ್ ತಿರುಗಿಸಿ ಬಿಡಬಹುದು. ದಿನಾ ಬಳಸದವರು ಕೊಳ್ಳಬಾರದು ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ಒಗ್ಗರಣೆ_ಘಮ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪೇಪರ್ ಹಾಸಿ ನೋಡಿದೆ, ಮಿಕ್ಸಿ ಕೆಳಗಿಟ್ಟರೆ 4 ಲೀಟರಿನದು ಕೂರುತ್ತದೆ, ಶೆಲ್ಫಿಗೂ ಜಾಗ ಸಾಕು. ಫ್ರಿಜ್ ಪಕ್ಕ ಇರುವ ಪವರ್ ಪಾಯಿಂಟ್‌ನಿಂದ ಕಟ್ಟೆಗೆ ಒಂದು ಪಾಯಿಂಟ್ ಎಳೆಸೋಕೆ ಓನರ್ ಹತ್ತಿರ ಮಾತಾಡುತ್ತೇನೆ. ತೊಳೆಯುವುದು ಕಷ್ಟನಾ? ಕೋಟಿಂಗ್ ಬಗ್ಗೆ ಅತ್ತೆಗೆ ಭಯ ಇದೆ.

ವೈರಿಂಗ್_ಹಾಸನ

ಫ್ರಿಜ್ ಪಾಯಿಂಟ್‌ನಿಂದ ಎಳೆಸಬೇಡಿ, ಎರಡರ ಲೋಡೂ ಒಂದೇ ವೈರಿನ ಮೇಲೆ ಬೀಳುತ್ತದೆ. ಡಿಬಿ, ಅಂದರೆ ಮನೆಯ ಲೈನುಗಳೆಲ್ಲ ಹೊರಡುವ ಪೆಟ್ಟಿಗೆ, ಅಲ್ಲಿಂದಲೇ ಬೇರೆ ಲೈನ್, ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಜೀಗುಜ್ಜೆ_ಮರ

ತೊಳೆಯುವುದು ಸುಲಭ, ಬಿಸಿ ಆರಿದ ಮೇಲೆ ಬೆಚ್ಚನೆ ಸೋಪು ನೀರಲ್ಲಿ ನೆನೆಸಿ ಮೆತ್ತನೆ ಸ್ಪಂಜಿನಲ್ಲಿ ಉಜ್ಜಿ. ಸ್ಟೀಲ್ ನಾರು ಮುಟ್ಟಿಸಲೇಬಾರದು. ಬುಟ್ಟಿಗೆ ಅಂಟದ ಹಾಗೆ ಬಳಿದಿರುವ ಟೆಫ್ಲಾನ್ ಕೋಟಿಂಗ್ ಕೆಡೋಕೆ ಶುರುವಾಗುವುದು 260 ಡಿಗ್ರಿ ದಾಟಿದ ಮೇಲೆ, ಇವು ಸಾಮಾನ್ಯವಾಗಿ 200ಕ್ಕೆ ನಿಲ್ಲುತ್ತವೆ, ಹಾಗಾಗಿ ಬಿಸಿಗಿಂತ ಗೀಚುಗಾಯದ್ದೇ ಚಿಂತೆ. ಪ್ಲಗ್ ತೆಗೆದು, ತಣ್ಣಗಾದ ಮೇಲೆ ತಿಂಗಳಿಗೊಮ್ಮೆ ಮೇಲಿನ ಕಾಯಿಲ್ ಕೂಡ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಹಿಡಿದ ಜಿಡ್ಡೇ ಹೊಗೆ ಬರಿಸುವುದು. ಮತ್ತೆ ಬಿಲ್ ಮಾಡಿಸುವ ಮೊದಲು ಬುಟ್ಟಿ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಮೋಟರ್ ಗಟ್ಟಿ ಇರುವಾಗಲೇ ಬುಟ್ಟಿಯ ಕೋಟಿಂಗ್ ಕಿತ್ತು ಬರುವುದು ಜಾಸ್ತಿ.