ಅಂಕೋಲಾದಲ್ಲಿ ಮನೆ: ಹಂಚೋ, ಸ್ಲ್ಯಾಬೋ?

ಪ್ರಶ್ನೆ (ಅಂಕೋಲಾದಿಂದ)
ಸಮುದ್ರಕ್ಕೆ ಹತ್ತಿರ ಜಾಗ, ಗೋಡೆಗೆ ಚಿರೆಕಲ್ಲು. ಎಸಿ ಬೇಡ, ಕರೆಂಟ್ ಬಿಲ್ ಕಮ್ಮಿ ಬರಬೇಕು. ನನಗೆ ಹಂಚಿನ ಮಾಡೇ ಇಷ್ಟ. ಮನೆಯವರು ‘ಮಂಗ ಬಿಡ್ತದಾ?’ ಅಂತಾರೆ. ಕಾಂಟ್ರಾಕ್ಟರ್ ಸ್ಲ್ಯಾಬ್ ಹಾಕಿ, ಮೇಲೆ ತಗಡು ಹೊದಿಸಿ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಕುಮಟಾದಿಂದ)
ತಗಡು ಮಾತ್ರ ಬೇಡ ಮಾರಾಯ್ರೇ. ಉಪ್ಪುಗಾಳಿಗೆ ಸ್ಕ್ರೂ ಹೊಡೆದ ತೂತಿನಿಂದಲೇ ತುಕ್ಕು ಶುರು. ಆಷಾಢದ ಮಳೆ ಹೊಡೆದರೆ ಫೋನಲ್ಲಿ ಮಾತಾಡೋಕೂ ಆಗಲ್ಲ.

ನಾನು ಸ್ಲ್ಯಾಬಿನ ಮೇಲೆ ಪೈಪಿನ ಚೌಕಟ್ಟು ನಿಲ್ಲಿಸಿ ಹಂಚು ಹೊದಿಸಿದ್ದೇನೆ. ಮಂಗ ಹಂಚು ಒಡೆದರೂ ಕೆಳಗೆ ಸ್ಲ್ಯಾಬ್ ಇದೆ, ಬಿಡುವಾದಾಗ ಬದಲಿಸಿದರಾಯಿತು. ಅದಕ್ಕಿಂತ ದೊಡ್ಡ ಲಾಭ ನೆರಳು. ಬರೀ ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಮಲಗೋ ಹೊತ್ತಿಗೆ ಶಾಖ ಕೆಳಗಿಳಿಸುತ್ತೆ, ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತೆ, ಅಲ್ವಾ? ನಡುವಿನ ಜಾಗದ ತುದಿಗಳನ್ನು ಮಾತ್ರ ಮುಚ್ಚಬೇಡಿ. ಜಾಳಿಗೆ ಹಾಕಿ, ಗಾಳಿ ಆಡಲಿ. ಚೌಕಟ್ಟಿಗೆ ಬಣ್ಣ ಹೊಡೆಯೋ ಖರ್ಚು ಆಗಾಗ ಇದ್ದೇ ಇರುತ್ತೆ.

ಹೊಸ ಹಂಚೇ ಬೇಕಂತಿಲ್ಲ. ಹಳೇ ಮನೆ ಕೆಡವಿದಲ್ಲಿ ವಿಚಾರಿಸಿ. ಬೆರಳಲ್ಲಿ ತಟ್ಟಿದಾಗ ಠಣ್ ಅಂದರೆ ತಗೊಳ್ಳಿ, ಮಂದ ಸದ್ದು ಬಂದರೆ ಬಿರುಕಿದೆ ಅಂತ ಲೆಕ್ಕ.

ಉತ್ತರ (ಶಿರಸಿಯಿಂದ)
ಮೇಲಿನವರು ಹೇಳಿದ್ದು ಸರಿ. ಚಿರೆಕಲ್ಲಿನ ಬಗ್ಗೆ ಒಂದು ಮಾತು. ಕಡಿದು ಒಂದು ಮಳೆಗಾಲ ಹೊರಗೆ ಬಿದ್ದಿದ್ದ ಕಲ್ಲು ಸಿಕ್ಕರೆ ಒಳ್ಳೇದು. ಹೊಸದು ಮೆತ್ತಗಿರುತ್ತೆ, ಗಾಳಿ ತಾಗಿ ಗಟ್ಟಿಯಾಗುತ್ತೆ. ಕರಗೋ ಕಲ್ಲಾದರೆ ಮಳೆಯಲ್ಲೇ ಬಣ್ಣ ಬಯಲಾಗುತ್ತೆ! ನಮ್ಮ ಮಳೆ ನೈಋತ್ಯದಿಂದ ಓರೆಯಾಗಿ ಹೊಡೆಯುತ್ತೆ, ಹಾಗಾಗಿ ಪಡುವಣ ಕಡೆ ಸೂರು ಮೂರಡಿಯಾದರೂ ಹೊರಗೆ ಬರಲಿ. ನಾವು ಮಳೆಗಾಲದಲ್ಲಿ ಅಡಿಕೆ ಸೋಗೆ ತಟ್ಟಿ ಕಟ್ಟುತ್ತೇವೆ, ನಿಮ್ಮಲ್ಲಿ ತೆಂಗಿನ ಮಡಲು ಸಾಕು.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಸೋಲಾರ್ ಹಾಕಿಸೋದಾ?

ಉತ್ತರ (ಕುಮಟಾದಿಂದ)
ಮೊದಲು ಫ್ಯಾನ್ ನೋಡಿ. ಮಾಮೂಲಿ ಫ್ಯಾನು 75 ವ್ಯಾಟ್ ತಿನ್ನುತ್ತೆ, ಕಮ್ಮಿ ಕರೆಂಟ್ ತಿನ್ನೋ ಬಿಎಲ್‌ಡಿಸಿ ಮೋಟಾರಿನ ಫ್ಯಾನು 30ರ ಆಸುಪಾಸು. ಆಮೇಲೆ ಸೋಲಾರ್. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಹತ್ತಿರ ಬರುತ್ತೆ, ಜುಲೈಯಲ್ಲಿ ಅಷ್ಟು ನಿರೀಕ್ಷೆ ಬೇಡ. ಪ್ಯಾನೆಲ್ ದಕ್ಷಿಣದ ಇಳಿಜಾರಿಗೆ ಬರೋ ಹಾಗೆ ಹಂಚಿನ ಮಾಡು ಕಟ್ಟಿಸಿ. ಮತ್ತೆ, ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸೋ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತೆ. ಹಳೇ ಇನ್ವರ್ಟರ್ ಮಾರಬೇಡಿ.