ಅಪ್‌ಡೇಟ್: ಕೈಪಿಡಿಯಿಂದ ಗೆಟ್ಸ್ ತೆಗೆದೆ

ಕಲಬುರಗಿಯ ಡಿಪ್ಲೊಮಾ ಮಕ್ಕಳಿಗೆ ನಾನು ಬರೆದ ಸಿ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯಲ್ಲಿ, ಟೈಪ್ ಮಾಡಿದ ಸಾಲನ್ನು ಓದಿಕೊಳ್ಳುವ ಗೆಟ್ಸ್ (gets) ಫಂಕ್ಷನ್ ಇರಲಾ, ತೆಗೆಯಲಾ ಅಂತ ಹೋದ ತಿಂಗಳು ಕೇಳಿದ್ದೆ. ತೆಗೆದೆ.

ಮನಸ್ಸು ಗಟ್ಟಿಯಾದದ್ದು ಲ್ಯಾಬಿನಲ್ಲಿ. ಪ್ರೋಗ್ರಾಮಿನಲ್ಲಿ ಹೆಸರಿಗೆ ಹತ್ತೇ ಅಕ್ಷರದ ಜಾಗ ಇತ್ತು. ಒಬ್ಬ ಹುಡುಗ ಇಂಗ್ಲಿಷಿನಲ್ಲಿ 'ಶರಣಬಸಪ್ಪ' ಅಂತ ಟೈಪ್ ಮಾಡಿದ. ಹದಿನಾಲ್ಕು ಅಕ್ಷರ, ಹೆಸರು ಮುಗಿಯಿತು ಅಂತ ಸಿ ಕೊನೆಗೆ ಇಡುವ ಸೊನ್ನೆ ಬೇರೆ. ಜಾಗ ಎಷ್ಟಿದೆ ಅಂತ ಗೆಟ್ಸ್‌ಗೆ ಹೇಳೋಕೆ ದಾರಿಯೇ ಇಲ್ಲ ಅಲ್ವಾ? ಉಳಿದದ್ದು ಪಕ್ಕದ ಮೆಮೊರಿಗೆ ಹರಿದು ಪ್ರೋಗ್ರಾಮ್ ಅಲ್ಲೇ ನಿಂತಿತು. ನಮ್ಮೂರಲ್ಲಿ ಇದಕ್ಕಿಂತ ಸಾಮಾನ್ಯ ಹೆಸರು ಯಾವುದಿದೆ!

1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗೇ ಹರಡಿದ ಮಾರಿಸ್ ವರ್ಮ್ ಅನ್ನೋ ಪ್ರೋಗ್ರಾಮ್ ಕಂಪ್ಯೂಟರ್‌ಗಳಿಗೆ ನುಗ್ಗಿದ ಕಿಂಡಿಗಳಲ್ಲಿ ಗೆಟ್ಸ್ ಕೂಡ ಒಂದು. ಸಿ ಭಾಷೆಯ ಅಧಿಕೃತ ನಿಯಮಗಳ 2011ರ ಸ್ಟ್ಯಾಂಡರ್ಡ್‌ನಲ್ಲಿ ಅದನ್ನು ತೆಗೆದೇ ಹಾಕಿದರು. ನಾವು ಮಾತ್ರ ಸುಮ್ನೆ ಕಲಿಸುತ್ತಾ ಬಂದೆವು. ಅದು ನನಗೆ ಬೇಜಾರು.

ಈಗ ಎಲ್ಲ ಕಡೆ ಎಫ್‌ಗೆಟ್ಸ್ (fgets), ಇದಕ್ಕೆ ಜಾಗ ಎಷ್ಟಿದೆ ಅಂತ ಹೇಳಬಹುದು. ಹಳೆಯ ಕಂಪೈಲರ್ ಆದ ಟರ್ಬೊ ಸಿಯಲ್ಲೂ ಓಡುತ್ತದೆ. ಎಂಟರ್ ಒತ್ತಿದ ಗುರುತನ್ನೂ ಅದು ಜೊತೆಗೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಅದನ್ನು ಅಳಿಸುವ ಒಂದು ಸಾಲು ಜಾಸ್ತಿ ಬರೆಯಬೇಕು. ಮಕ್ಕಳು ಎಡವುವುದು ಅಲ್ಲೇ.

ನೀವು ಕೆಲವರು ಹೇಳಿದಂತೆ, ಹಳೆಯ ಕೋಡ್ ಓದುವವರಿಗಾಗಿ ಕೊನೆಯ ಪುಟದಲ್ಲಿ ಗೆಟ್ಸ್ ಬಗ್ಗೆ ಎರಡು ಸಾಲು ಎಚ್ಚರಿಕೆ ಇಟ್ಟಿದ್ದೇನೆ. ಉದಾಹರಣೆಗೆ ಶರಣಬಸಪ್ಪನ ಹೆಸರೇ ಇದೆ.