ಮೂರು ಗಾಡಿಯ ಒಂದು ಫಾರ್ವರ್ಡ್

ವಿನಯ: [ಫಾರ್ವರ್ಡ್ ಆದ ಸಂದೇಶ, ವಿಡಿಯೋ ಸಮೇತ] ಮರ್ಸಿಡಿಸ್ ಎಎಂಜಿ ಜಿ 63!! 635 ಎಚ್‌ಪಿ!! ಒಂದು ಮೀಟರ್ ನೀರಲ್ಲಿ ಸಲೀಸು!! ನಿಂತಲ್ಲೇ ಬುಗುರಿಯಂತೆ ತಿರುಗುತ್ತೆ!! ಮೂರು ಡಿಫರೆನ್ಷಿಯಲ್ ಲಾಕ್!! ಎಲ್ಲೂ ಸಿಕ್ಕಿಹಾಕಿಕೊಳ್ಳದ ಏಕೈಕ ವಾಹನ!! ಹತ್ತು ಜನರಿಗೆ ಕಳಿಸಿ!!

ವಿನಯ: ನಾನು ಹೇಳ್ತಾನೇ ಇದ್ದೆ. ನೆರೆ ಬಂದ್ರೆ ಇಂಥ ಗಾಡಿ ಒಂದಿದ್ರೆ ಸಾಕು, ಚಿಂತೆ ಇಲ್ಲ.

ಸುಮಾ: ವಾವ್. ಕಳಿಸಿದೆ ಕಣೋ ನಮ್ಮ ಇನ್ನೊಂದು ಗುಂಪಿಗೂ.

ಶೈಲಾ: ವಿನಯ, ಇದರ ಮೂಲ ಎಲ್ಲಿ? ಯಾರು ಬರೆದದ್ದು?

ವಿನಯ: ವಿಡಿಯೋನೇ ಇದೆಯಲ್ಲ ಅತ್ತಿಗೆ. ಕಣ್ಣಾರೆ ನೋಡಿ.

ಶೈಲಾ: ನೋಡಿದೆ. ನೀನು ನೋಡಿಲ್ಲ ಅಂತ ಕಾಣುತ್ತೆ. ಜಿ 63ಗೆ ಎರಡೂ ಪಕ್ಕದಲ್ಲಿ, ಹಿಂದಿನ ಚಕ್ರದ ಮುಂದೆ, ಎಗ್ಸಾಸ್ಟ್ ಪೈಪು ಹೊರಗೆ ಕಾಣಬೇಕು. ಈ ವಿಡಿಯೋದಲ್ಲಿ ಪೈಪೇ ಇಲ್ಲ. ಹಿಂಬಾಗಿಲಿಗೆ ಸ್ಟೆಪ್ನಿ ಬದಲು ಚೌಕಾಕಾರದ ಡಬ್ಬ ಇದೆ. ಇದು ಜಿ 63 ಅಲ್ಲ, 2024ರ ಎಲೆಕ್ಟ್ರಿಕ್ ಜಿ 580. ಜಿ ಗಾಡಿಗಳಲ್ಲಿ ನಿಂತಲ್ಲೇ ತಿರುಗೋದು ಅದೊಂದೇ.

ಶೈಲಾ: ಒಂದು ಮೀಟರ್ ನೀರು, 635 ಎಚ್‌ಪಿ, ಇವೆರಡೂ ಇನ್ನೊಂದು ಕಂಪನಿಯ ಗಾಡಿಯ ಅಂಕಿ. ಲ್ಯಾಂಡ್ ರೋವರ್ ಡಿಫೆಂಡರ್ ಆಕ್ಟಾದ್ದು. ಜಿ 63ದು 585 ಎಚ್‌ಪಿ, ನೀರಿನ ಮಿತಿ 700 ಮಿ.ಮೀ. ಫಾರ್ವರ್ಡಿನಲ್ಲಿ ಜಿ 63ಗೆ ಸೇರಿದ್ದು ಹೆಸರು ಮತ್ತು ಮೂರು ಲಾಕ್, ಅಂದ್ರೆ ಚಕ್ರಗಳನ್ನ ಜೊತೆಗೇ ತಿರುಗಿಸೋ ಬೀಗ, ಅಷ್ಟೇ. ಮೂರು ಗಾಡಿ ಸೇರಿಸಿ ಹೊಲಿದಿದ್ದಾರೆ.

ವಿನಯ: ನಾನು ಏನು ಹಾಕಿದ್ರೂ ನಿಮಗೆ ಮೂಲ ಬೇಕು. ಮಂಜಣ್ಣ ಹಾಕಿದ್ರೆ ಮಾತ್ರ ಹೆಬ್ಬೆರಳು.

ಸುಮಾ: ಅದು ನಿಜ ಅತ್ತಿಗೆ. ನೈಟ್ರೋಜನ್ ತುಂಬಿದ್ರೆ ಟೈರು ಬಿಸಿಯಾದ್ರೂ ಒತ್ತಡ ಏರಲ್ಲ ಅಂತ ಮಂಜಣ್ಣ ಹಾಕಿದಾಗ ಯಾರೂ ಉಸಿರೆತ್ತಲಿಲ್ಲ.

ಶೈಲಾ: ಎತ್ತಿದ್ದೆ. ಮೇಲೆ ಹೋಗಿ ನೋಡು. ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ, ಬಿಸಿಗೆ ಎರಡೂ ಒಂದೇ ಲೆಕ್ಕದಲ್ಲಿ ಉಬ್ಬುತ್ತೆ ಅಂತ ಬರೆದಿದ್ದೆ. ಯಾರೂ ಓದಲಿಲ್ಲ.

ದೊಡ್ಡಪ್ಪ: ಎಲ್ಲರಿಗೂ ಒಂದು ಮಾತು. ಓದದೆ ಸಹಿ ಹಾಕುವುದು ತಪ್ಪು ಅಂತ ನಿಮಗೆಲ್ಲ ಗೊತ್ತು. ನೋಡದೆ ಮುಂದಕ್ಕೆ ಕಳಿಸುವುದೂ ಅದೇ ತಪ್ಪು. ಇದನ್ನು ನಂಬಿ ಯಾರಾದರೂ ನೀರಿಗೆ ಇಳಿದರೆ ಯಾರು ಹೊಣೆ?

ವಿನಯ: ದೊಡ್ಡಪ್ಪ, 700 ಆದ್ರೇನು, 1000 ಆದ್ರೇನು? ಎರಡೂ ನೀರಲ್ಲಿ ಹೋಗೋ ಗಾಡಿನೇ ಅಲ್ವಾ?

ರಘು ಮಾವ: ಅಲ್ಲ ಕಣಪ್ಪಾ. ಆ 30 ಸೆಂಟಿಮೀಟರಿನಲ್ಲೇ ಎಂಜಿನ್ ಉಳಿಯೋದೂ ಹೋಗೋದೂ ಇರೋದು. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದು.

ರಘು ಮಾವ: ಕಂಪನಿ ಕೊಡೋ ಮಿತಿ ನಿಂತ ನೀರಿಗೆ, ನಿಧಾನ ಹೋದಾಗ. ನಡೆಯೋ ವೇಗಕ್ಕಿಂತ ಚೂರು ಹೆಚ್ಚು, ಗಂಟೆಗೆ 5ರಿಂದ 7 ಕಿ.ಮೀ. ಇದ್ರೆ ಬಾನೆಟ್ ಮುಂದೆ ಒಂದು ಅಲೆ ಏಳುತ್ತೆ, ಅದರ ಹಿಂದೆ ಎಂಜಿನ್ ಹತ್ತಿರ ನೀರಿನ ಮಟ್ಟ ತಗ್ಗುತ್ತೆ. ಆ ಅಲೆಯನ್ನು ಒಂದೇ ಸಮನೆ ತಳ್ಕೊಂಡು ಹೋಗಬೇಕು. ಜೋರು ಹೋದ್ರೆ ಅಲೆ ಬಾನೆಟ್ ಹತ್ತುತ್ತೆ. ನಡುವೆ ನಿಂತ್ರೆ ಅಲೆ ಹಿಂದಕ್ಕೆ ಮುಗುಚಿ ಎಂಜಿನ್ ಗಾಳಿ ಎಳೆಯೋ ಬಾಯಿ, ಏರ್ ಇಂಟೇಕ್ ಕಡೆಗೇ ನುಗ್ಗುತ್ತೆ.

ರಘು ಮಾವ: ಜಿ 63 ಎಂಜಿನ್ 4 ಲೀಟರ್ ವಿ8. ಒಂದು ಸಿಲಿಂಡರ್ ಹೆಚ್ಚುಕಮ್ಮಿ 498 ಸಿಸಿ. ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯೋ ಜಾಗ 70 ಸಿಸಿಗಿಂತ ಕಮ್ಮಿ. ಅದಕ್ಕಿಂತ ಒಂದು ಗುಟುಕು ಹೆಚ್ಚು ನೀರು ಒಳಗೆ ಹೋಯ್ತು ಅಂದ್ರೆ ಪಿಸ್ಟನ್ ಅದನ್ನ ಒತ್ತಕ್ಕಾಗಲ್ಲ, ನೀರು ಕುಗ್ಗಲ್ಲ. ಕುಗ್ಗೋದು ಪಿಸ್ಟನ್‌ಗೆ ಜೋಡಿಸಿರೋ ಕನೆಕ್ಟಿಂಗ್ ರಾಡ್.

ಮಂಜಣ್ಣ: ಹಳೇ ಜಿ ನೆನಪಾಯ್ತು ಮಾವ. ಮುಂದೂ ಹಿಂದೂ ಗಟ್ಟಿ ಆಕ್ಸಲ್, ಎರಡು ಚಕ್ರಕ್ಕೆ ಒಂದೇ ಅಚ್ಚು. 1983ರ ಪ್ಯಾರಿಸ್-ಡಾಕರ್ ರ‍್ಯಾಲಿ ಗೆದ್ದಿದ್ದು 280 ಜಿಇ, ಜಾಕಿ ಇಕ್ಸ್ ಓಡಿಸಿದ್ದ. ಆಗಿನ ಗಾಡಿಗೆ ಇಷ್ಟು ಕಂಪ್ಯೂಟರ್ ಎಲ್ಲಿತ್ತು.

ಶೈಲಾ: ಮಂಜಣ್ಣ, ವಿಷಯ ನೀರು.

ಮಂಜಣ್ಣ: ವಿಷಯ ಜಿ ತಾನೇ? 2018ರಲ್ಲಿ ಮುಂದಿನ ಗಟ್ಟಿ ಆಕ್ಸಲ್ ಕಿತ್ತು ಪ್ರತಿ ಚಕ್ರ ಬೇರೆ ಬೇರೆ ಆಡೋ ಡಬಲ್ ವಿಶ್‌ಬೋನ್ ಹಾಕಿದ್ರು. ಅಲ್ಲಿಗೆ ಜಿ ಮುಗೀತು.

ಶೈಲಾ: ಮುಗೀಲಿಲ್ಲ. ಆ ವಿಶ್‌ಬೋನ್‌ಗಳನ್ನ ನಡುವೆ ಸಬ್‌ಫ್ರೇಮ್ ಇಲ್ಲದೆ ನೇರವಾಗಿ ಗಾಡಿಯ ಬೆನ್ನೆಲುಬಾದ ಲ್ಯಾಡರ್ ಫ್ರೇಮಿಗೇ ಕೂರಿಸಿದ್ದಾರೆ, ಆಫ್‌ರೋಡ್ ಪೆಟ್ಟು ತಡೀಲಿ ಅಂತ. ಹಿಂದೆ ಈಗಲೂ ಗಟ್ಟಿ ಆಕ್ಸಲ್ಲೇ. ರಸ್ತೆಯಲ್ಲಿ ಸ್ಟೀರಿಂಗ್ ಈಗ ಎಷ್ಟೋ ಖಚಿತ. ಹಳೇದು ಎಲ್ಲದರಲ್ಲೂ ಮೇಲು ಅನ್ನೋದು ತಪ್ಪು.

ಮಂಜಣ್ಣ: ಆಯ್ತಮ್ಮ, ನೀನೇ ಗೆದ್ದೆ. ಯಾವಾಗಲೂ ಹಾಗೇ.

ದೊಡ್ಡಪ್ಪ: ಮಂಜು, ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಉತ್ತರ ಇಲ್ಲದಾಗ ಮುನಿಸಿಕೊಳ್ಳುವುದು ನಿನಗೆ ಮೊದಲಿನಿಂದಲೂ ಇದೆ. ರಘು, ಮುಂದುವರಿಸು.

ರಘು ಮಾವ: ನೀರಲ್ಲಿ ಎಂಜಿನ್ ನಿಂತುಹೋಯ್ತು ಅಂದ್ಕೊಳ್ಳಿ. ಮೊದಲ ತಪ್ಪು ಎಲ್ಲರೂ ಮಾಡೋದು ಇದೇ, ಮತ್ತೆ ಸ್ಟಾರ್ಟ್ ಒತ್ತೋದು. ಒತ್ತಲೇಬಾರದು. ಎಳೆಸಿ ಒಣ ಜಾಗಕ್ಕೆ ತನ್ನಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಒದ್ದೆಯಾಗಿದ್ರೆ ಸ್ಪಾರ್ಕ್ ಪ್ಲಗ್ ಪೂರ್ತಿ ತೆಗೀರಿ, ಎಂಟೂ. ಕ್ರ್ಯಾಂಕ್‌ನ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ನೀರು ಪ್ಲಗ್ ತೂತಿಂದ ಚಿಮ್ಮುತ್ತೆ. ಕೆಳಗಿನ ಆಯಿಲ್ ತೊಟ್ಟಿ, ಅಂದ್ರೆ ಸಂಪ್‌ನ ಡ್ರೈನ್ ಬೋಲ್ಟ್ ಚೂರು ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿದ್ರೆ ಮೊದಲು ಅದೇ ಬರುತ್ತೆ. ಬಂದ್ರೆ ಆಯಿಲ್ ಪೂರ್ತಿ ಬದಲಾಯಿಸಿಯೇ ಮುಂದಿನ ಮಾತು.

ರಘು ಮಾವ: ಆಮೇಲೆ ಸ್ಟಾರ್ಟ್ ಆಯ್ತು ಅಂತ ಖುಷಿಪಡಬೇಡಿ. ರಾಡ್ ಸ್ವಲ್ಪ ಬಾಗಿದ್ರೂ ಎಂಜಿನ್ ಓಡುತ್ತೆ. ಆ ಸಿಲಿಂಡರಿನ ಪಿಸ್ಟನ್ ಮಾತ್ರ ಪೂರ್ತಿ ಮೇಲೆ ಬರಲ್ಲ. ಪ್ಲಗ್ ತೂತಿಂದ ಪ್ರತಿ ಪಿಸ್ಟನ್ನಿನ ಎತ್ತರ ಅಳೆದು ಹೋಲಿಸಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಬಿಟ್ರೆ ಮುಂದೊಂದು ದಿನ ರಾಡ್ ಮುರಿದು ಬ್ಲಾಕ್ ಒಡೆದು ಆಚೆ ಬರುತ್ತೆ.

ಸುಮಾ: ಎಂಜಿನ್ ನಿಲ್ಲದೆ ದಾಟಿಬಿಟ್ರೆ ಏನೂ ಆಗಲ್ವಾ ಮಾವ?

ರಘು ಮಾವ: ಒಳ್ಳೇ ಪ್ರಶ್ನೆ ಪುಟ್ಟಿ. ಓಡಿ ಓಡಿ ಆಕ್ಸಲ್ ಬಿಸಿಯಾಗಿರುತ್ತೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ. ಆಕ್ಸಲ್ ಉಸಿರಾಡೋ ಬ್ರೀದರ್ ಪೈಪು ಕಟ್ಟಿದ್ರೆ, ಇಲ್ಲ ಕಳಚಿದ್ರೆ, ಅಲ್ಲಿಂದಲೋ ಸೀಲ್‌ನಿಂದಲೋ ನೀರು ಒಳಗೆ ಹೀರುತ್ತೆ. ಡಿಫರೆನ್ಷಿಯಲ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಸೇರಿದೆ ಅಂತಲೇ ಅರ್ಥ. ದಾಟೋ ಮೊದಲು ಐದು ನಿಮಿಷ ನಿಂತು ಆರಕ್ಕೆ ಬಿಟ್ರೆ ಅರ್ಧ ತೊಂದರೆ ಕಮ್ಮಿ. ದಾಟಿದ ಮೇಲೆ ಬ್ರೇಕನ್ನ ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಹೋಗಿ, ಪ್ಯಾಡ್ ಒಣಗಲಿ.

ವಿನಯ: ಸರಿ, ಒಂದು ಮೀಟರ್ ಆಕ್ಟಾದ್ದೇ ಅನ್ನಿ. ಹಾಗಾದ್ರೆ ನೆರೆಗೆ ಆಕ್ಟಾ ತಗೊಂಡ್ರೆ ಆಯ್ತಲ್ಲ?

ಶೈಲಾ: ಹರಿಯೋ ನೀರಿಗೆ ಯಾವ ಗಾಡಿಯ ಅಂಕಿಯೂ ಲೆಕ್ಕಕ್ಕಿಲ್ಲ. ಗಾಡಿಯ ತಳ 4.5 ಮೀಟರ್ ಉದ್ದ, 1.8 ಮೀಟರ್ ಅಗಲ ಅಂತಿಟ್ಕೋ. ಫ್ಲೋರ್ ದಾಟಿ ನೀರು ಪ್ರತಿ 10 ಸೆಂ.ಮೀ. ಏರಿದಾಗಲೂ ಸುಮಾರು 800 ಕಿಲೋ ಮೇಲಕ್ಕೆ ಎತ್ತುತ್ತೆ. ಎಂಜಿನ್ ಜಾಗಕ್ಕೆ, ಚಕ್ರದ ಗೂಡಿಗೆ ನೀರು ತುಂಬೋದ್ರಿಂದ ಅಷ್ಟೂ ಸಿಗಲ್ಲ. ಆದ್ರೂ ಎರಡೂವರೆ ಟನ್ ಗಾಡಿಯ ಟೈರಿನ ಮೇಲೆ ಉಳಿಯೋ ಭಾರ ಎಷ್ಟು? ಬಾಗಿಲು ಗಟ್ಟಿಯಾಗಿ ಮುಚ್ಚಿಕೊಂಡಷ್ಟೂ ಬೇಗ ತೇಲುತ್ತೆ. ಹರಿವಿನ ವೇಗ ಎರಡು ಪಟ್ಟಾದ್ರೆ ತಳ್ಳೋ ಬಲ ನಾಲ್ಕು ಪಟ್ಟು. ತೇಲೋ ಗಾಡಿಗೆ 635 ಎಚ್‌ಪಿ ಇದ್ದೂ ಏನು ಉಪಯೋಗ?

ದೊಡ್ಡಪ್ಪ: ಕೇಳಿಸಿಕೋ ವಿನಯ. ಯಂತ್ರ ದೊಡ್ಡದಾದಷ್ಟೂ ಮನುಷ್ಯನಿಗೆ ಭಯ ಕಡಿಮೆಯಾಗುತ್ತದೆ, ಅಪಾಯ ಅಷ್ಟೇ ಇರುತ್ತದೆ. ಜಿ 63 ಸುಮಾರು 2,560 ಕಿಲೋ. 100 ಕಿ.ಮೀ. ವೇಗದಲ್ಲಿ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 990 ಕಿಲೋಜೌಲ್. 160ರಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ವೇಗದ ಬಗ್ಗೆ ಬರೆಯುವವರು ಇದನ್ನು ಯಾಕೆ ಬರೆಯುವುದಿಲ್ಲ?

ಮಂಜಣ್ಣ: ದೊಡ್ಡಪ್ಪ, 160 ಅಂದ್ರಿ, ಅದೇ ಆಕ್ಟಾದ ಮಿತಿ. 20 ಇಂಚಿನ ಚಕ್ರಕ್ಕೆ ಕಂಪನಿಯ ಆಫ್‌ರೋಡ್ ಟೈರು ಹಾಕಿಸಿದ್ರೆ 160ಕ್ಕೆ ನಿಲ್ಲಿಸ್ತಾರೆ. 22 ಇಂಚಿನ ರಸ್ತೆ ಟೈರಲ್ಲಿ 250.

ಶೈಲಾ: ಇದು ಕೆಲಸದ ಮಾತು ಮಂಜಣ್ಣ. ಆ ಟೈರು 275/60 ಆರ್20. ಪಕ್ಕದ ಗೋಡೆ 165 ಮಿ.ಮೀ., ಒಟ್ಟು ಎತ್ತರ 33 ಇಂಚು. ಜಿ 63ಗೆ ಸಿಗೋ 295/40 ಆರ್22 ತಗೋ, ಗೋಡೆ 118 ಮಿ.ಮೀ. ಮಾತ್ರ. ಮರಳಿಗೆ ಇಳಿಯೋ ಮೊದಲು ಒತ್ತಡ 16-18 ಪಿಎಸ್ಐಗೆ ಇಳಿಸ್ತೀವಲ್ಲ, ನೆಲ ತಾಕೋ ಪಟ್ಟಿ ಉದ್ದ ಆಗಲಿ ಅಂತ, 118ರಲ್ಲಿ ಅದಕ್ಕೆ ಜಾಗ ಎಲ್ಲಿ? ಒಂದು ಕಲ್ಲು ತಗುಲಿದ್ರೆ ರಿಮ್ಮಿಗೆ ಪೆಟ್ಟು. ಮರಳಿಗೆ ಹೋಗೋರು ಲಾಕ್ ಎಷ್ಟು ಅಂತ ಕೇಳೋ ಮೊದಲು ಟೈರಿನ ಗೋಡೆ ಎಷ್ಟು ಅಂತ ಕೇಳಬೇಕು. ವಾಪಸ್ ರಸ್ತೆಗೆ ಬಂದ ತಕ್ಷಣ ಗಾಳಿ ತುಂಬಲೇಬೇಕು, ಇಲ್ಲದಿದ್ರೆ ವೇಗಕ್ಕೆ ಗೋಡೆ ಕಾದು ಸಿಡಿಯುತ್ತೆ.

ವಿನಯ: ಲಾಕ್ ಬಗ್ಗೆ ಫಾರ್ವರ್ಡ್ ಹೇಳಿದ್ದು ಸರಿ ತಾನೇ? ಅದನ್ನಾದ್ರೂ ಒಪ್ಕೊಳ್ಳಿ.

ಶೈಲಾ: ಜಿ 63ಗೆ ಮೂರು ಲಾಕ್ ಇರೋದು ಸರಿ, ಶೇ. 100 ಹಿಡಿಯೋ ಲಾಕ್. ಡಿಫರೆನ್ಷಿಯಲ್ ಅಂದ್ರೆ ಎಂಜಿನ್ ಬಲವನ್ನ ಚಕ್ರಗಳಿಗೆ ಹಂಚೋ ಗೇರು. ಲಾಕ್ ಇಲ್ಲದಿದ್ರೆ ಅದು ಎರಡೂ ಚಕ್ರಕ್ಕೆ ಸಮ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಕೊಡುತ್ತೆ. ಒಂದು ಚಕ್ರ ಗಾಳಿಯಲ್ಲಿದ್ರೆ ಅದಕ್ಕೆ ಬೇಕಾದ್ದು ಸೊನ್ನೆಗೆ ಹತ್ತಿರ, ಹಾಗಾಗಿ ನೆಲದಲ್ಲಿರೋದಕ್ಕೂ ಅಷ್ಟೇ. ಲಾಕ್ ಹಾಕಿದ್ರೆ ಎರಡೂ ಒಂದೇ ಶಾಫ್ಟ್ ಆದಂತೆ. ಹಾಕೋ ಕ್ರಮ ಮೊದಲು ನಡು, ಆಮೇಲೆ ಹಿಂದೆ, ಕೊನೆಗೆ ಮುಂದೆ. ಮುಂದಿನದು ಹಾಕಿದ್ರೆ ಸ್ಟೀರಿಂಗ್ ತಿರುಗಿಸೋದೇ ಕಷ್ಟ. ಒಣ ರಸ್ತೆಯಲ್ಲಿ ಹಾಕಲೇಬಾರದು. ತಿರುವಿನಲ್ಲಿ ಒಳಚಕ್ರ, ಹೊರಚಕ್ರ ಬೇರೆ ಬೇರೆ ದೂರ ಸಾಗಬೇಕು. ಲಾಕ್ ಬಿಡಲ್ಲ, ಟೈರು ಜಾರಕ್ಕಾಗಲ್ಲ, ಶಾಫ್ಟ್ ಮುರುಚಿಕೊಳ್ಳುತ್ತೆ.

ಶೈಲಾ: ವಿಡಿಯೋದ ಎಲೆಕ್ಟ್ರಿಕ್ ಗಾಡಿಗೆ ಇಂಥ ಒಂದು ಲಾಕೂ ಇಲ್ಲ. ನಾಲ್ಕು ಚಕ್ರಕ್ಕೆ ನಾಲ್ಕು ಮೋಟರ್, ಪ್ರತಿಯೊಂದಕ್ಕೂ ಬೇರೆ ಲೋ ರೇಂಜ್ ಗೇರ್, ನಿಧಾನಕ್ಕೆ ಹೆಚ್ಚು ಬಲ ಕೊಡೋದು. ಎಡಗಡೆ ಮುಂದಕ್ಕೆ, ಬಲಗಡೆ ಹಿಂದಕ್ಕೆ ತಿರುಗಿಸಿದ್ರೆ ಗಾಡಿ ನಿಂತಲ್ಲೇ ಸುತ್ತುತ್ತೆ, ಅದೂ ಸಡಿಲ ಮಣ್ಣಲ್ಲಿ. ಮೂರು ಲಾಕ್ ಇರೋ ಜಿ 63 ಹೀಗೆ ಸುತ್ತೋ ಮಾತೇ ಇಲ್ಲ. ಲಾಕ್ ಇರೋದೇ ಚಕ್ರಗಳು ಜೊತೆಗೆ ತಿರುಗಲಿ ಅಂತ. ಆ ಫಾರ್ವರ್ಡಿನ ಎರಡು ಸಾಲು ಒಂದೇ ಗಾಡಿಯಲ್ಲಿ ನಿಲ್ಲಕ್ಕೇ ಆಗಲ್ಲ.

ರಘು ಮಾವ: ಆಕ್ಟಾದ್ದು ಇನ್ನೊಂದು ದಾರಿ. ಎಡಬಲ ಚಕ್ರ ಕೂಡಿಸಿ ವಾಲೋದು ತಡೆಯೋ ಸರಳು, ಆಂಟಿರೋಲ್ ಬಾರೇ ಇಲ್ಲ. ನಾಲ್ಕು ಡ್ಯಾಂಪರನ್ನೂ (ಶಾಕ್ ಅಬ್ಸಾರ್ಬರ್) ಹೈಡ್ರಾಲಿಕ್ ಪೈಪಿಂದ ಒಂದಕ್ಕೊಂದು ಜೋಡಿಸಿದ್ದಾರೆ. ತಿರುವಲ್ಲಿ ವಾಲಲ್ಲ, ಹಳ್ಳಕ್ಕೆ ಒಂದು ಚಕ್ರ ಇಳಿದ್ರೆ ಇನ್ನೊಂದನ್ನ ಕಟ್ಟಿಹಾಕೋ ಸರಳೂ ಇಲ್ಲ. ನನ್ನ ಕೇಳಿದ್ರೆ ಮೂರರಲ್ಲಿ ಅದೇ ಜಾಣ ಕೆಲಸ.

ಮಂಜಣ್ಣ: ಜಾಣ ಕೆಲಸ ನೋಡಬೇಕಾದ್ರೆ 2013ರ ಆರು ಚಕ್ರದ ಜಿ 63 6x6 ನೋಡಿ. ಐದು ಲಾಕ್, ಗಾಡಿಯನ್ನ ಎತ್ತರಿಸೋ ಪೋರ್ಟಲ್ ಆಕ್ಸಲ್, ಓಡ್ತಾ ಓಡ್ತಾ ಟೈರಿಗೆ ಗಾಳಿ ತುಂಬೋ ವ್ಯವಸ್ಥೆ. ಅದಕ್ಕೂ ಮೊದಲು 1986ರ ಲ್ಯಾಂಬೋರ್ಗಿನಿ ಎಲ್ಎಂ002, ಕೌಂಟಾಶ್‌ನ ವಿ12 ಎಂಜಿನ್, 290 ಲೀಟರ್ ಟ್ಯಾಂಕ್...

ಶೈಲಾ: ಮಂಜಣ್ಣ, ಅದಕ್ಕೆ ಬೇರೆ ದಿನ. ವಿನಯ, ಆ ಸಂದೇಶ ಅಳಿಸು.

ವಿನಯ: ಇನ್ನೆರಡು ಗುಂಪಿಗೆ ಹೋಗಿಬಿಟ್ಟಿದೆ ಅತ್ತಿಗೆ.

ದೊಡ್ಡಪ್ಪ: ಹಾಗಾದರೆ ತಿದ್ದಿದ್ದು ಕೂಡ ಅಲ್ಲಿಗೇ ಹೋಗಬೇಕು. ಸುಮಾ, ನೀನೂ ಕಳಿಸು. ಮೊದಲು ಹಂಚಿದವಳು ನೀನೇ.

ವಿನಯ: ಬರೆದೆ, ನೋಡಿ: "ಮೊದಲು ಕಳಿಸಿದ್ದು ತಪ್ಪು. ಜಿ 63: 585 ಎಚ್‌ಪಿ, ನೀರು 700 ಮಿ.ಮೀ., ಮೂರು ಲಾಕ್. ಆಕ್ಟಾ: 635 ಎಚ್‌ಪಿ, ಒಂದು ಮೀಟರ್. ಎಲೆಕ್ಟ್ರಿಕ್ ಜಿ 580: ಲಾಕ್ ಇಲ್ಲ, ನೀರು 850 ಮಿ.ಮೀ., ವಿಡಿಯೋ ಅದರದ್ದು. ಎಲ್ಲವೂ ನಿಂತ ನೀರಿಗೆ ಮಾತ್ರ, ಹರಿಯೋ ನೀರಿಗೆ ಇಳಿಯಬೇಡಿ."

ರಘು ಮಾವ: ಕೊನೆಗೆ ಒಂದು ಸಾಲು ಸೇರಿಸು. ನೀರಲ್ಲಿ ಎಂಜಿನ್ ನಿಂತ್ರೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ವಿನಯ: ಸೇರಿಸಿದೆ. ಎರಡೂ ಗುಂಪಿಗೂ ಹೋಯ್ತು.

ಸುಮಾ: ನಾನೂ ಕಳಿಸಿದೆ. ಮಂಜಣ್ಣ, ನೈಟ್ರೋಜನ್ ವಿಷಯ ಎಷ್ಟು ಗುಂಪಿಗೆ ಹಾಕಿದ್ರಿ?

ಮಂಜಣ್ಣ: ನಾಲ್ಕು. ಬರೀತಾ ಇದ್ದೀನಿ, ಸ್ವಲ್ಪ ತಾಳು.